ಸಕ್ಕರೆ ಮೇಣದ ಕೇಸು: ಹನ್ನೊಂದನೆಯ ಕಂತು

“ಇದರಲ್ಲಿ ವಿಷ ಇಲ್ಲ. ಬೇಕಾದರೆ ನಾಲಿಗೆ ಮೇಲೆ ಇಟ್ಟುಕೊಂಡು ತೋರಿಸ್ಲಾ?”

ಲ್ಯಾಬಿನ ಡಾಕ್ಟರು ಗಾಜಿನ ತಟ್ಟೆಯಲ್ಲಿದ್ದ ಬಿಳಿ ಚಕ್ಕೆಗಳನ್ನು ಚಮಚದ ತುದಿಯಲ್ಲಿ ಎತ್ತಿ ಹಿಡಿದರು. ಮೇಣದ ಬತ್ತಿಯನ್ನು ಚಾಕುವಿನಿಂದ ಹೆರೆದ ಹಾಗಿತ್ತು ನೋಡಲು.

ಇನ್ಸ್‌ಪೆಕ್ಟರಮ್ಮ ಕೈ ಅಡ್ಡ ಹಿಡಿದಳು. “ಬೇಡ ಬಿಡಿ ಡಾಕ್ಟ್ರೇ. ಎಲ್ಲಾದರೂ ನೀವೂ ಹೋಗಿಬಿಟ್ಟರೆ ಕೋರ್ಟಲ್ಲಿ ಸಾಕ್ಷಿ ಹೇಳೋರು ಯಾರು?”

ಪೊಲೀಸ್ ನೌಕರಿ ಬಿಟ್ಟು ವರ್ಷಗಳಾದರೂ ಜನ ಆಕೆಯನ್ನು ಕರೆಯುತ್ತಿದ್ದುದು ಹಾಗೆಯೇ. ಟೋಪಿ ಹೋಗಿತ್ತು, ಹೆಸರು ಉಳಿದಿತ್ತು. ಯಾರದೋ ಓಡಿಹೋದ ಗಂಡನನ್ನೋ ಯಾರದೋ ಸುಳ್ಳು ಸಹಿಯನ್ನೋ ಪತ್ತೆಹಚ್ಚಿಕೊಡುವುದು ಈಗ ಆಕೆಯ ಕಸುಬು. ಈ ಸಲ ಮಾತ್ರ ಕೇಸು ಮನೆಯೊಳಗಿನದೇ ಆಗಿತ್ತು. ಕ್ರೀಮಿನ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದ ಆಕೆಯ ತಮ್ಮ ಜೈಲಿನಲ್ಲಿದ್ದ. ಅವನ ಕ್ರೀಮು ಹಚ್ಚಿಕೊಂಡ ಸಂಗೀತದ ಟೀಚರೊಬ್ಬಳು ಕಿಡ್ನಿ ಕೆಟ್ಟು ಸತ್ತಿದ್ದಳು. ಇನ್ನಿಬ್ಬರು ಆಸ್ಪತ್ರೆಯ ಮಂಚ ಹಿಡಿದಿದ್ದರು. “ತಪ್ಪು ನನ್ನದೇ, ನಾನು ಹಾಕಿದ ಸಕ್ಕರೆ ಮೇಣದಿಂದಲೇ ಹೀಗಾಯ್ತು” ಎಂದು ಅವನೇ ಪೊಲೀಸರ ಮುಂದೆ ಒಪ್ಪಿಕೊಂಡಿದ್ದ.

ಅವನ ಮಾತನ್ನು ಊರೆಲ್ಲ ನಂಬಿತ್ತು. ಒಬ್ಬ ಅಕ್ಕ ಮಾತ್ರ ನಂಬಿರಲಿಲ್ಲ.

“ಎಣ್ಣೆ, ನೀರು ತಾವಾಗಿ ಒಂದಾಗಲ್ಲ ಮೇಡಂ,” ಡಾಕ್ಟರು ಚಮಚ ಕೆಳಗಿಟ್ಟರು. “ನಡುವೆ ರಾಜಿ ಮಾಡಿಸೋಕೆ ಒಬ್ಬರು ಬೇಕು. ಆ ಕೆಲಸ ಮಾಡೋದನ್ನೇ ಎಮಲ್ಸಿಫೈಯರ್ ಅನ್ನೋದು. ನಿಮ್ಮ ತಮ್ಮ ಹಾಕಿದ ಸಕ್ಕರೆ ಮೇಣ ಅಂದ್ರೆ ಸಕ್ಕರೆಗೆ ಕೊಬ್ಬಿನ ಅಂಶ ಕೂಡಿಸಿ ಮಾಡಿದ್ದು. ಇದರ ಸಕ್ಕರೆ ಕೈ ನೀರನ್ನ ಹಿಡ್ಕೊಳ್ಳುತ್ತೆ, ಕೊಬ್ಬಿನ ಕೈ ಎಣ್ಣೆನ ಹಿಡ್ಕೊಳ್ಳುತ್ತೆ. ಕ್ರೀಮು ಒಡೆಯದೆ ನಿಲ್ಲುತ್ತೆ. ಅಷ್ಟೇ ಇದರ ಕಥೆ.”

“ಚರ್ಮಕ್ಕೆ?”

“ಎಲ್ಲರಿಗೂ ನೂರಕ್ಕೆ ನೂರು ಒಗ್ಗುತ್ತೆ ಅಂತ ನಾನು ಯಾವುದಕ್ಕೂ ಬರೆದುಕೊಡಲ್ಲ. ಒಬ್ಬಿಬ್ಬರಿಗೆ ಕೆಂಪಾಗಬಹುದು, ತುರಿಸಬಹುದು. ಆದರೆ ನಾವು ಒಪ್ಪಿಗೆ ಕೊಟ್ಟವರ ಬೆನ್ನಿಗೆ ಇದನ್ನ ಹಚ್ಚಿದ ಪಟ್ಟಿ ಅಂಟಿಸಿ ನೋಡಿದ್ವಿ, ಒಂದು ಗುಳ್ಳೆ ಏಳಲಿಲ್ಲ. ಇದು ಚರ್ಮ ದಾಟಿ ರಕ್ತಕ್ಕಿಳಿದು ಕಿಡ್ನಿ ತಿಂತು ಅನ್ನೋದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.”

ಇನ್ಸ್‌ಪೆಕ್ಟರಮ್ಮನಿಗೆ ಉಸಿರು ಸಲೀಸಾಯಿತು. ತಿಂಗಳಿನಿಂದ ಆಕೆ ಈ ಒಂದು ಮಾತಿಗಾಗಿ ಕಾಲು ಸವೆಸಿದ್ದಳು. ಎಮ್ಮೆ ಬಚಾವಾಯಿತು. ಹಾಗಾದರೆ ಎತ್ತು ಯಾವುದು?

ಡಾಕ್ಟರು ಮೇಜಿನ ಸೆಳೆಖಾನೆಯಿಂದ ಒಂದು ಹಳೆಯ ಅಲ್ಯೂಮಿನಿಯಂ ಟ್ಯೂಬನ್ನು ತೆಗೆದರು. ಅದೇ ಕ್ರೀಮಿನದು, ಹಿಂದೊಮ್ಮೆ ಮಾರಾಟಕ್ಕೆ ಬಂದದ್ದು. ಉದ್ದಕ್ಕೆ ಸೀಳಿ ಬಿಡಿಸಿಟ್ಟಿದ್ದರು. ಒಳಮೈ ಗೆದ್ದಲು ಹಿಡಿದ ಹಲಗೆಯ ಹಾಗೆ ಬೂದು ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ತೂತು ಬಿದ್ದಿತ್ತು.

“ಪಾದರಸ,” ಎಂದರು ಡಾಕ್ಟರು. “ಪಾದರಸದ ಉಪ್ಪು. ಬಿಳಿ ಪುಡಿ. ಮುಖ ಬೇಗ ಬೆಳ್ಳಗಾಗಲಿ ಅಂತ ಕಳ್ಳತನದಲ್ಲಿ ಹಾಕ್ತಾರೆ. ಕಿಡ್ನಿ ತಿಂದಿದ್ದು ಅದು. ಅಲ್ಯೂಮಿನಿಯಂಗೂ ಅದಕ್ಕೂ ಹಾವು ಮುಂಗುಸಿ ಸಂಬಂಧ. ನೋಡಿ, ಹೇಗೆ ಕಡಿದುಹಾಕಿದೆ.”

ಇನ್ಸ್‌ಪೆಕ್ಟರಮ್ಮ ಟ್ಯೂಬನ್ನು ಬೆಳಕಿಗೆ ಹಿಡಿದಳು. ಕಾರ್ಖಾನೆಯ ಉಗ್ರಾಣದಲ್ಲಿ ತಾನು ಕಂಡದ್ದೆಲ್ಲ ಪ್ಲಾಸ್ಟಿಕ್ ಡಬ್ಬಿ. ಯಾರೋ ನಡುವೆ ಟ್ಯೂಬನ್ನು ನಿಲ್ಲಿಸಿ ಪ್ಲಾಸ್ಟಿಕ್ ತರಿಸಿದ್ದಾರೆ. ಟ್ಯೂಬು ಯಾಕೆ ತೂತಾಗುತ್ತದೆ ಎಂದು ಬಲ್ಲವರು ಮಾತ್ರ ಮಾಡುವ ಕೆಲಸ ಅದು.

“ಇದು ಕೈತಪ್ಪಿ ಬೀಳೋ ವಸ್ತು ಅಲ್ಲ ಮೇಡಂ. ಯಾರೋ ಬೇಕಂತಲೇ ಹಾಕಿದ್ದಾರೆ. ಹಾಗಂತಲೇ ಬರೆದಿದ್ದೀನಿ. ಬೆಳಿಗ್ಗೆನೇ ಕೋರ್ಟಿಗೆ ಕಳಿಸಿದೆ.”

“ನಿಮ್ಮ ಹೊಟ್ಟೆ ತಣ್ಣಗಿರಲಿ ಡಾಕ್ಟ್ರೇ,” ಎಂದಳು ಇನ್ಸ್‌ಪೆಕ್ಟರಮ್ಮ.

*

ಜೈಲಿನ ಹೊರಗೋಡೆಗೆ ಒರಗಿಕೊಂಡು ಆ ಗಂಡಸು ಇವತ್ತೂ ನಿಂತಿದ್ದ. ಸತ್ತ ಟೀಚರಿನ ಗಂಡ. ಗಡಿಯಾರ ರಿಪೇರಿ ಅವನ ಕಸುಬು. ಅಂಗಡಿ ತೆಗೆಯುವುದನ್ನು ಬಿಟ್ಟು ದಿನವೂ ಇಲ್ಲಿಗೆ ಬಂದು, ಒಳಗೂ ಹೋಗದೆ ಮನೆಗೂ ಹೋಗದೆ ನಿಲ್ಲುತ್ತಿದ್ದ. ಅವನ ಕಣ್ಣು ತಪ್ಪಿಸಿ ಹೋಗುವುದು ಇನ್ಸ್‌ಪೆಕ್ಟರಮ್ಮನಿಗೆ ರೂಢಿಯಾಗಿತ್ತು. ಇವತ್ತು ಅವನೇ ಅಡ್ಡ ಬಂದ.

“ಅಮ್ಮಾ, ಒಂದು ಮಾತು. ಬೈಯೋಕಲ್ಲ.”

ಆಕೆ ನಿಂತಳು.

“ಅವಳಿಗೆ ಆ ಕ್ರೀಮು ತಂದುಕೊಟ್ಟಿದ್ದು ನಾನೇ. ಸಕ್ಕರೆಯಿಂದ ಮಾಡಿದ್ದು, ಏನೂ ಆಗಲ್ಲ ಅಂತ ಅಂಗಡಿಯವನು ಹೇಳಿದ. ಅವಳು ಬೇಡ ಅಂದಳು. ನಾನೇ ಬಲವಂತ ಮಾಡಿದೆ.” ಅವನು ಜೈಲಿನ ಗೇಟಿನತ್ತ ನೋಡಿದ. “ಸಕ್ಕರೆನೇ ಕೊಂದಿದ್ದಾ ಅಮ್ಮಾ? ನಿಮಗೆ ಗೊತ್ತಿದ್ದರೆ ಹೇಳಿ.”

“ಸಕ್ಕರೆ ಅಲ್ಲಪ್ಪ,” ಎಂದಳು. “ಯಾರೋ ವಿಷ ಬೆರೆಸಿದ್ದಾರೆ.”

ಸಮಾಧಾನ ಹೇಳಿದೆ ಎಂದುಕೊಂಡಿದ್ದಳು. ಅವನು ಕುಸಿದು ಗೋಡೆಯ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. “ಯಾರೋ,” ಎಂದ ತನಗೆ ತಾನೇ. “ಅಂದ್ರೆ ಮನುಷ್ಯರೇ.”

ಆಕೆ ಅವನನ್ನು ದಾಟಿ ಒಳಗೆ ನಡೆದಳು.

*

ಭೇಟಿಯ ಕೋಣೆಯಲ್ಲಿ ಫಿನಾಯಿಲಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕಬ್ಬಿಣದ ಜಾಲರಿಯ ಆಚೆ ತಮ್ಮ ಬಂದು ಕೂತ. ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ತಾಯಿ ತೀರಿಕೊಂಡಾಗ ಅವನಿನ್ನೂ ಶಾಲೆಗೆ ಸೇರಿರಲಿಲ್ಲ. ಉಣಿಸಿ, ಮಲಗಿಸಿ, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿ ಬೆಳೆಸಿದವಳು ಈ ಅಕ್ಕನೇ. ತಮ್ಮನ ಮುಖದಲ್ಲಿ ಆಕೆಗೆ ತಿಳಿಯದ ಗೆರೆ ಒಂದೂ ಇರಲಿಲ್ಲ. ಹಾಗೆಂದು ಆಕೆ ನಂಬಿದ್ದಳು.

“ಗೆದ್ದೆ ಕಣೋ,” ಎಂದಳು ಕೂರುವ ಮೊದಲೇ. “ನಿನ್ನ ಸಕ್ಕರೆ ಮೇಣ ಅಪರಂಜಿ ಅಂತ ಲ್ಯಾಬಿನವರು ಹೇಳಿದ್ರು. ಕೊಂದಿದ್ದು ಪಾದರಸ. ನಿನ್ನ ಬೆನ್ನ ಹಿಂದೆ ಯಾರೋ ಬೆರೆಸಿದ್ದಾರೆ. ಇನ್ನು ನೀನು ಹೊರಗೆ ಬಂದ ಹಾಗೇ.”

ಅವನು ನಗಲಿಲ್ಲ. ಅಳಲೂ ಇಲ್ಲ. ಕಿವಿಯ ತುದಿಯವರೆಗೆ ಬಿಳಿಚಿಕೊಂಡ.

“ಅದು ಕೋರ್ಟಿಗೆ ಹೋಯ್ತಾ?”

“ಬೆಳಿಗ್ಗೆನೇ ಹೋಯ್ತು.”

“ವಾಪಸ್ ತರಿಸೋಕಾಗಲ್ವಾ?”

“ವಾಪಸ್ಸಾ? ತಲೆ ಕೆಟ್ಟಿದೆಯಾ ನಿನಗೆ?”

ತಮ್ಮ ಹಣೆಯನ್ನು ಜಾಲರಿಗೆ ಆನಿಸಿದ. “ಅಕ್ಕಾ, ಏನು ಮಾಡಿಬಿಟ್ಟೆ. ನಿನ್ನ ಪಾಡಿಗೆ ನೀನು ಇದ್ದಿದ್ದರೆ ಆಗ್ತಿತ್ತಲ್ಲ.”

ಇನ್ಸ್‌ಪೆಕ್ಟರಮ್ಮನ ಒಳಗಿನ ಹಳೆಯ ಪೊಲೀಸು ಆಗ ತಲೆಯೆತ್ತಿತು. ಪಾದರಸ ಎಂಬ ಮಾತು ಕೇಳಿ ಇವನಿಗೆ ಆಶ್ಚರ್ಯವೇ ಆಗಲಿಲ್ಲ.

“ನಿನಗೆ ಗೊತ್ತಿತ್ತು,” ಎಂದಳು ಮೆಲ್ಲಗೆ.

“ಮೆತ್ತಗೆ ಮಾತಾಡು.”

“ಗೊತ್ತಿದ್ದೂ ತಪ್ಪನ್ನ ಸಕ್ಕರೆ ಮೇಲೆ ಹಾಕಿದೆ.”

“ಹೌದು, ಹಾಕಿದೆ!” ಅವನು ಬಾಗಿಲ ಬಳಿಯ ಕಾವಲುಗಾರನತ್ತ ಕಣ್ಣು ಹಾಯಿಸಿ ದನಿ ತಗ್ಗಿಸಿದ. “ಸಕ್ಕರೆ ಮೇಣದ ತಪ್ಪು ಅಂದ್ರೆ ಏನು? ಕೆಮಿಸ್ಟ್ ಸರಿಯಾಗಿ ಪರೀಕ್ಷೆ ಮಾಡಲಿಲ್ಲ, ಅಜಾಗರೂಕತೆ. ಒಂದೆರಡು ವರ್ಷ ಒಳಗಿದ್ದು ಬರ್ತಿದ್ದೆ. ವಿಷ ಬೆರೆಸಿದ್ದು ಅಂದ ಮೇಲೆ ಅದು ಕೊಲೆ. ಯಾರೋ ಒಬ್ಬರು ಅದಕ್ಕೆ ಕತ್ತು ಕೊಡಬೇಕು. ನೀನು ಹಗ್ಗ ಹೊಸೆದು ತಂದುಕೊಟ್ಟಿದ್ದೀಯ.”

ತಿಂಗಳೆಲ್ಲ ಅಲೆದದ್ದು, ಲ್ಯಾಬಿನ ಬಾಗಿಲು ತಟ್ಟಿದ್ದು, ಹಳೆಯ ಗುರುತಿನವರ ಕೈಕಾಲು ಹಿಡಿದದ್ದು, ಎಲ್ಲ ಇದಕ್ಕಾಗಿಯೇ? ಆದರೂ ಬಾಯಿ ತನ್ನ ಕೆಲಸ ಬಿಡಲಿಲ್ಲ. ಮೂವತ್ತು ವರ್ಷ ಪ್ರಶ್ನೆ ಕೇಳಿದ ಬಾಯಿ ಅದು.

“ಟ್ಯೂಬ್ ನಿಲ್ಲಿಸಿ ಪ್ಲಾಸ್ಟಿಕ್ ತರಿಸಿದ್ದು ಯಾರು?”

“ನಾನೇ.”

“ಬೆರೆಸಿದ್ದು?”

ತಮ್ಮ ಮತ್ತೆ ಕಾವಲುಗಾರನತ್ತ ನೋಡಿದ.

“ಯಾರನ್ನ ಬಚ್ಚಿಡ್ತಾ ಇದ್ದೀಯ? ಮಾಲೀಕರನ್ನಾ?”

“ಬೆರೆಸೋ ಕೋಣೆಯಲ್ಲಿ ಕೆಲಸಕ್ಕಿದ್ದವರು ಯಾರು ಅಂತ ನಿನಗೆ ಗೊತ್ತಿಲ್ವಾ ಅಕ್ಕಾ?”

ಗೊತ್ತಿತ್ತು. ಕಡಾಯಿಯ ಮುಂದೆ ನಿಂತು ಎಣ್ಣೆ, ನೀರು, ಮೇಣ ಅಳೆದು ಹಾಕುತ್ತಿದ್ದವಳು ಅವನ ಹೆಂಡತಿ. ಮಗಳನ್ನು ಶಾಲೆಗೆ ಬಿಟ್ಟು ಕಾರ್ಖಾನೆಗೆ ಹೋಗಿ, ಬರುವಾಗ ಕರೆದುಕೊಂಡು ಬರುತ್ತಿದ್ದ, ಕರೆದರೆ ಮಾತ್ರ ಮಾತಾಡುವ ಹೆಣ್ಣು.

“ಮಾಲೀಕರ ಕಡೆಯ ಒಬ್ಬ ಬಂದು ಡಬ್ಬ ಕೊಟ್ಟನಂತೆ. ಕಡಾಯಿಗೆ ಇಷ್ಟು ಹಾಕು, ಯಾರಿಗೂ ಹೇಳಬೇಡ ಅಂದನಂತೆ. ಹಾಕಿದಳು. ಪಾಪ, ಅವಳಿಗೇನು ಗೊತ್ತು? ಟ್ಯೂಬು ತೂತಾದಾಗ ನನಗೆ ತಿಳೀತು. ಈಗ ಹೇಳು, ಅವಳನ್ನ ಒಳಗೆ ಕಳಿಸಲಾ? ಮಗಳನ್ನ ಯಾರ ಕೈಗೆ ಕೊಡಲಿ?”

ಹೆಂಡತಿಗಾಗಿ, ಮಗಳಿಗಾಗಿ, ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತು ಕೂತಿದ್ದಾನೆ ನನ್ನ ತಮ್ಮ. ಇಂಥವನನ್ನು ಬೆಳೆಸಿದವಳು ನಾನು. ಆಕೆ ಇಷ್ಟಕ್ಕೇ ಎದ್ದು ಬಂದುಬಿಟ್ಟಿದ್ದರೆ ಆ ಹೆಮ್ಮೆಯಾದರೂ ಉಳಿಯುತ್ತಿತ್ತು.

“ಒಂದು ಕೇಳ್ತೀನಿ,” ಎಂದಳು. “ಟ್ಯೂಬು ತೂತಾದಾಗ ಗೊತ್ತಾಯ್ತು ಅಂದೆ. ಗೊತ್ತಾದ ಮೇಲೆ ಡಬ್ಬಿ ಬದಲಾಯಿಸಿದೆ. ಕ್ರೀಮು ಯಾಕೆ ನಿಲ್ಲಿಸಲಿಲ್ಲ?”

ತಮ್ಮನ ಕಣ್ಣು ಜಾಲರಿಯ ಒಂದು ತೂತಿನಿಂದ ಇನ್ನೊಂದಕ್ಕೆ ಹಾರಿತು.

“ಹೆದರಿಕೊಂಡೆ ಅಕ್ಕಾ.”

“ಟೀಚರು ಆಸ್ಪತ್ರೆ ಸೇರಿದ್ದು ಪ್ಲಾಸ್ಟಿಕ್ ಡಬ್ಬಿ ಬಂದು ಎಷ್ಟೋ ಕಾಲ ಆದ ಮೇಲೆ ಕಣೋ.”

“ಹೆದರಿಕೊಂಡೆ ಅಂದೆನಲ್ಲ!”

ಬೇರೆ ಯಾರಾದರೂ ಆಗಿದ್ದರೆ ಇನ್ಸ್‌ಪೆಕ್ಟರಮ್ಮ ಆ ಉತ್ತರವನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಳು. ಅಕ್ಕ ಕಣ್ಣುಮುಚ್ಚಿಕೊಂಡಳು. ಹೆದರಿದವರು ಏನೇನೋ ಮಾಡುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು.

ಭೇಟಿಯ ಸಮಯ ಮುಗಿದ ಗಂಟೆ ಹೊಡೆಯಿತು. ತಮ್ಮ ಎದ್ದ. “ಮನೆಗೆ ಹೋಗಬೇಡ ಅಕ್ಕಾ. ಅವಳ ಹತ್ತಿರ ಇದನ್ನ ಎತ್ತಬೇಡ. ಸತ್ತೇ ಹೋಗ್ತಾಳೆ.”

ಮಾತು ಮುಗಿಸಿ ಅವನು ಹೊರಳಿ ನಡೆದ ರೀತಿಯನ್ನು ಆಕೆ ನೋಡಿದಳು. ಹೆಗಲ ಮೇಲಿನ ಹೊರೆ ಇಳಿಸಿದವನ ನಡಿಗೆ ಅದು.

*

ಹೋಗಬೇಡ ಎಂದ ಕಡೆಗೇ ಹೋಗುವುದು ಪತ್ತೇದಾರರ ಹಣೆಬರಹ.

ಮೂರನೆಯ ಮಹಡಿಯ ತಮ್ಮನ ಮನೆಯ ಬಾಗಿಲು ತೆರೆದದ್ದು ಅವನ ಮಗಳು. ಶಾಲೆಯಿಂದ ಈಗಷ್ಟೇ ಬಂದಿದ್ದಳು, ಇನ್ನೂ ಬೂಟು ಬಿಚ್ಚಿರಲಿಲ್ಲ. “ಅಮ್ಮ ಮಲಗಿದ್ದಾಳೆ ಅತ್ತೆ. ಯಾವಾಗಲೂ ಮಲಗೇ ಇರ್ತಾಳೆ,” ಎಂದು ದೂರು ಹೇಳಿ ಒಳಕೋಣೆಗೆ ಹೋದಳು.

ನಾದಿನಿ ಗೋಡೆ ಹಿಡಿದುಕೊಂಡು ಎದ್ದು ಬಂದಳು. “ಬನ್ನಿ ಅತ್ತಿಗೆ. ಟೀ ಇಡ್ತೀನಿ.”

“ಬೇಡ, ಕೂತ್ಕೋ.”

ಕೇಳಲಿಲ್ಲ. ಟೀ ತಂದಳು. ತಟ್ಟೆಯ ಮೇಲೆ ಬಟ್ಟಲು ಗಡಗಡ ಸದ್ದು ಮಾಡುತ್ತಿತ್ತು. ಅರ್ಧ ಟೀ ತಟ್ಟೆಯಲ್ಲೇ ಇತ್ತು. ಅವಳು ನಾಚಿಕೊಂಡು ಎರಡೂ ಕೈಗಳನ್ನು ಮಡಿಲಲ್ಲಿ ಅದುಮಿಟ್ಟುಕೊಂಡಳು. “ನಿದ್ದೆ ಇಲ್ಲ ನೋಡಿ. ಅದಕ್ಕೇ ಹೀಗೆ ಕೈ ನಡುಗುತ್ತೆ.”

ಇನ್ಸ್‌ಪೆಕ್ಟರಮ್ಮ ಸುತ್ತಿ ಬಳಸಲಿಲ್ಲ.

“ಕಡಾಯಿಗೆ ಬಿಳಿ ಪುಡಿ ಹಾಕ್ತಿದ್ದೆಯಾ?”

“ಹೂಂ.” ಕಳ್ಳತನ ಸಿಕ್ಕಿಬಿದ್ದವರ ದನಿಯಲ್ಲ ಅದು. ಬೆಳಿಗ್ಗೆ ಹಾಲು ಕಾಯಿಸಿದೆಯಾ ಎಂದರೆ ಹೇಳುವ ಹಾಗೆ ಹೇಳಿದಳು.

“ಡಬ್ಬ ಕೊಟ್ಟದ್ದು ಮಾಲೀಕರ ಕಡೆಯವನಾ?”

“ಯಾವ ಕಡೆಯವನು? ಬೆರೆಸೋ ಕೋಣೆಗೆ ಹೊರಗಿನ ನೊಣನೂ ಬರೋ ಹಾಗಿರಲಿಲ್ಲ ಅತ್ತಿಗೆ. ಇವರೇ ಬಿಡ್ತಿರಲಿಲ್ಲ.”

“ಮತ್ತೆ ಕೊಟ್ಟದ್ದು ಯಾರು?”

“ಇವರೇ. ನಿಮ್ಮ ತಮ್ಮನೇ.”

ಬೀದಿಯಲ್ಲಿ ಯಾರೋ ಯಾರನ್ನೋ ಕೂಗಿ ಕರೆದರು. ಇನ್ಸ್‌ಪೆಕ್ಟರಮ್ಮ ಬಟ್ಟಲನ್ನು ಕೆಳಗಿಟ್ಟಳು.

“ನೆನಪು ಮಾಡ್ಕೊಂಡು ಹೇಳು.”

“ಅದರಲ್ಲಿ ನೆನಪು ಮಾಡ್ಕೊಳ್ಳೋಕೆ ಏನಿದೆ? ಕ್ರೀಮು ಓಡ್ತಾ ಇರಲಿಲ್ಲ. ಒಳ್ಳೇದೇನೋ ಹೌದು, ಆದರೆ ಹಚ್ಚಿದರೆ ಮುಖದಲ್ಲಿ ಏನೂ ಬದಲಾಗಲ್ಲ ಅಂತ ಅಂಗಡಿಯವರು ವಾಪಸ್ ಕಳಿಸ್ತಿದ್ರು. ಮಾಲೀಕರು ನಿಲ್ಲಿಸಿಬಿಡ್ತೀನಿ ಅಂದ್ರು. ಇವರಿಗೆ ಅದು ಎರಡನೇ ಮಗು ಇದ್ದ ಹಾಗೆ. ಎಷ್ಟು ವರ್ಷ ತಲೆ ಕೆಡಿಸಿಕೊಂಡು ಮಾಡಿದ್ದು ಅಂತ ನಿಮಗೇ ಗೊತ್ತಲ್ಲ. ಒಂದು ವಾರ ಊಟ ಬಿಟ್ರು. ಆಮೇಲೆ ಒಂದು ದಿನ ಡಬ್ಬ ತಂದ್ರು. ಸ್ವಲ್ಪ ದಿನ ಇದನ್ನ ಹಾಕು, ಜನ ಒಮ್ಮೆ ರುಚಿ ಹಿಡೀಲಿ, ಆಮೇಲೆ ನಿಲ್ಲಿಸೋಣ ಅಂದ್ರು.”

“ಏನು ಅದು ಅಂತ ಕೇಳಲಿಲ್ವಾ?”

“ಕೇಳಿದೆ. ಇದೂ ಸಕ್ಕರೆ ಬಳಗದ್ದೇ, ಹೊಳಪಿಗೆ ಅಂದ್ರು.”

“ಕೈಗವಸು ಹಾಕ್ಕೊಳ್ತಿದ್ದೆಯಾ?”

ನಾದಿನಿ ಈ ಪ್ರಶ್ನೆ ತಿಳಿಯದವಳಂತೆ ನೋಡಿದಳು. “ಸಕ್ಕರೆಗೆ ಕೈಗವಸು ಯಾಕೆ ಅತ್ತಿಗೆ?”

ಇನ್ಸ್‌ಪೆಕ್ಟರಮ್ಮ ಎದ್ದು ಹೋಗಿ ಅವಳ ಮುಂದೆ ನೆಲದ ಮೇಲೆ ಕೂತಳು. “ಕಾಲು ತೋರಿಸು.”

“ಅಯ್ಯೋ, ನೀವು ನನ್ನ ಕಾಲು ಮುಟ್ಟೋದಾ?”

“ತೋರಿಸು ಅಂದೆ.”

ಪಾದಗಳು ಊದಿ, ಹರಡಿನ ಮೂಳೆ ಕಾಣದಂತೆ ತುಂಬಿಕೊಂಡಿದ್ದವು. ಇನ್ಸ್‌ಪೆಕ್ಟರಮ್ಮ ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಗುಳಿ ಬಿತ್ತು, ಬಿದ್ದ ಗುಳಿ ಹಾಗೆಯೇ ಉಳಿಯಿತು. ಸಂಗೀತದ ಟೀಚರು ಇದೇ ರೀತಿ ಊದಿದ ಕಾಲಿನಲ್ಲಿ ಆಸ್ಪತ್ರೆಗೆ ಹೋದವಳು ನಡೆದು ವಾಪಸ್ ಬಂದಿರಲಿಲ್ಲ.

“ಯಾವಾಗಿನಿಂದ?”

“ಸ್ವಲ್ಪ ದಿನದಿಂದ. ಇವರಿಗೆ ತೋರಿಸಿದ್ದೆ. ನಿಂತು ಕೆಲಸ ಮಾಡೋರಿಗೆ ಹಾಗೇ, ಏನಾಗಲ್ಲ ಅಂದ್ರು.”

ಮುಚ್ಚಿಕೊಂಡಿದ್ದ ಕಣ್ಣನ್ನು ಈಗ ಯಾರೋ ಬಲವಂತವಾಗಿ ಬಿಡಿಸಿದ ಹಾಗಾಯಿತು. ಗೊತ್ತಿದ್ದವಳಾಗಿದ್ದರೆ ಬರಿಗೈ ಹಾಕುತ್ತಿದ್ದಳೇ? ಗೊತ್ತಿದ್ದವನು ಬರಿಗೈ ಹಾಕಲು ಬಿಟ್ಟ. ದಿನವೂ ಎದುರಿಗೆ ನಿಂತು ನೋಡಿದ. ಊದಿದ ಕಾಲನ್ನೂ ನೋಡಿ ಏನಾಗಲ್ಲ ಎಂದ.

ಫೋನು ಬಡಿದುಕೊಂಡಿತು. ಕೇಸು ನೋಡುತ್ತಿದ್ದ ಅಧಿಕಾರಿ, ಹಿಂದೆ ಆಕೆಯ ಕೈಕೆಳಗೆ ಪಳಗಿದವನು, ಎಲ್ಲರ ಬಾಯಲ್ಲೂ ‘ಮೀಸೆ’.

“ಮೇಡಂ, ನಿಮಗೆ ಮೊದಲು ಹೇಳೋಣ ಅಂತ ಮಾಡಿದೆ. ನೀವು ಹೋದ ತಕ್ಷಣ ನಿಮ್ಮ ತಮ್ಮ ಹೇಳಿಕೆ ಬದಲಾಯಿಸಬೇಕು ಅಂತ ನಮ್ಮನ್ನ ಕರೆಸಿದ್ರು. ಪಾದರಸ ಬೆರೆಸಿದ್ದು ಹೆಂಡತಿಯಂತೆ. ತನಗೆ ಗೊತ್ತೇ ಇರಲಿಲ್ಲ, ಗೊತ್ತಾದ ಮೇಲೆ ಅವಳನ್ನ ಉಳಿಸೋಕೆ ತಾನು ಒಪ್ಪಿಕೊಂಡೆ ಅಂತ. ಇದಕ್ಕೆ ನೀವೇ ಸಾಕ್ಷಿ, ನಿಮ್ಮ ಹತ್ತಿರ ಎಲ್ಲ ಹೇಳಿದ್ದೀನಿ ಅಂದ್ರು. ನಿಜವೇನು ಮೇಡಂ?”

ಇನ್ಸ್‌ಪೆಕ್ಟರಮ್ಮನಿಗೆ ಆಗ ಹೊಳೆಯಿತು. ಜಾಲರಿಯ ಆಚೆ ಅವನು ಬಿಡಿಸಿಟ್ಟ ಕಥೆ ಅಕ್ಕನಿಗಾಗಿ ಅಲ್ಲ, ಸಾಕ್ಷಿಗಾಗಿ.

“ಹೆಂಡತಿನ ಹಿಡಿಯೋಕೆ ಹೊರಟಿದ್ದೀವಿ, ಹತ್ತು ನಿಮಿಷದಲ್ಲಿ ಅವರ ಮನೆಯಲ್ಲಿರ್ತೀವಿ. ನೀವೀಗ ಎಲ್ಲಿದ್ದೀರಿ?”

“ಮನೇಲಿ,” ಎಂದಳು ಇನ್ಸ್‌ಪೆಕ್ಟರಮ್ಮ. ಯಾರ ಮನೆ ಎಂದು ಹೇಳಲಿಲ್ಲ. ಫೋನಿಟ್ಟಳು.

ಈ ಹೆಣ್ಣನ್ನು ಪೊಲೀಸರಿಗಿಂತ ಮೊದಲು ಆಸ್ಪತ್ರೆ ಮುಟ್ಟಿಸಿದರೆ, ಗೊತ್ತಿಲ್ಲದೆ ಬರಿಗೈ ಹಾಕಿದಳೆಂದು ಅವಳ ರಕ್ತವೇ ಸಾಕ್ಷಿ ಹೇಳುತ್ತದೆ. ಅವಳು ಉಳಿದುಕೊಳ್ಳುತ್ತಾಳೆ. ತಾನು ಎತ್ತಿ ಆಡಿಸಿದ ಮಗುವಿನ ಕೊರಳಿಗೆ ಹಗ್ಗ ಬೀಳುತ್ತದೆ. ಸುಮ್ಮನೆ ಕೂತು ಟೀ ಕುಡಿದರೆ ಸಾಕು, ತಮ್ಮ ಹೊರಗೆ ಬರುತ್ತಾನೆ. ಲಾಕಪ್ಪಿನ ತಣ್ಣನೆ ನೆಲದ ಮೇಲೆ ಈ ಕಾಲುಗಳು ಎಷ್ಟು ದಿನ ಬಾಳುತ್ತವೆ ಎಂದು ಲೆಕ್ಕ ಹಾಕಲೂ ಬೇಕಿಲ್ಲ.

“ಯಾರ ಫೋನು ಅತ್ತಿಗೆ? ಇವರನ್ನ ಬಿಡ್ತಾರಂತಾ?” ಅಷ್ಟು ದಿನಗಳಲ್ಲಿ ಮೊದಲ ಸಲ ಅವಳ ಮುಖ ಅರಳಿತು.

ಇನ್ಸ್‌ಪೆಕ್ಟರಮ್ಮ ಎದ್ದು ನಿಂತಳು.

“ಮಗಳನ್ನ ಕರಿ. ಚಪ್ಪಲಿ ಹಾಕ್ಕೋ.”

“ಎಲ್ಲಿಗೆ?”

“ಆಸ್ಪತ್ರೆಗೆ. ಏನೂ ಕೇಳಬೇಡ, ಬೇಗ.”

ನಾದಿನಿ ಬಾಗಿಲ ಪಕ್ಕದಿಂದ ಚಪ್ಪಲಿ ಎಳೆದುಕೊಂಡು ಕಾಲು ತೂರಿಸಿದಳು. ಕಾಲು ಒಳಗೆ ಹೋಗಲಿಲ್ಲ. ಗೋಡೆ ಹಿಡಿದುಕೊಂಡು, ಕ್ಷಮೆ ಕೇಳುವವಳ ಹಾಗೆ ಅತ್ತಿಗೆಯ ಮುಖ ನೋಡುತ್ತ ಇನ್ನೊಮ್ಮೆ ತೂರಿಸಿದಳು. ಊದಿದ ಪಾದ ಪಟ್ಟಿಯ ಕೆಳಗೆ ಅರ್ಧಕ್ಕೇ ಸಿಕ್ಕಿಕೊಂಡಿತು.

ಹತ್ತು ನಿಮಿಷವಾಗಿರಲಿಲ್ಲ. ಐದೂ ಆಗಿರಲಿಲ್ಲ. ಕೆಳಗೆ ಬೀದಿಯಲ್ಲಿ ಜೀಪೊಂದು ಬಂದು ನಿಂತಿತು. ಮೆಟ್ಟಿಲ ಮೇಲೆ ಬೂಟುಗಳ ಸದ್ದು ಶುರುವಾಯಿತು.